ಟ್ರ್ಯಾಕ್ಟರು ನಡೆಸುವವರ ಆಸನವೂ ಬೆನ್ನಿನ ಸ್ಥಿತಿಯೂ

ಎತ್ತುಗಳ ಆರೈಕೆಯಲ್ಲಿ ಈ ನಾಡಿನ ಒಕ್ಕಲಿಗರು ಎಂದೂ ಹಿಂದೆಬಿದ್ದವರಲ್ಲ. ನೊಗವು ಎತ್ತಿನ ಹೆಗಲಿಗೆ ಒತ್ತಿ ಹುಣ್ಣಾದರೆ ಬಡಗಿಯನ್ನು ಕರೆಯಿಸಿ ನೊಗವನ್ನು ಕೆತ್ತಿಸಿ ಸರಿಮಾಡಿಸುವರು; ಹುಣ್ಣು ಮಾಯುವವರೆಗೆ ಆ ಎತ್ತನ್ನು ಹೂಡುವುದಿಲ್ಲ. ಜೋಡಿಯಲ್ಲಿ ಒಂದು ಎತ್ತು ಕುಳ್ಳಾಗಿದ್ದರೆ ಅದಕ್ಕೆ ತಕ್ಕಂತೆ ನೊಗವನ್ನು ಕಟ್ಟುವರು. ಈಗ ಬಹುತೇಕ ಊರುಗಳಲ್ಲಿ ಉಳುಮೆಯ ಭಾರವು ಟ್ರ್ಯಾಕ್ಟರಿನ ಪಾಲಿಗೆ ಬಂದಿರುತ್ತದೆ. ಯಂತ್ರಕ್ಕೆ ಹೆಗಲುಹುಣ್ಣಿನ ಭಯವಿಲ್ಲವಾದರೂ, ಅದರ ಮೇಲೆ ಕುಳಿತು ದಿನಕ್ಕೆ ಎಂಟು ಹತ್ತು ಗಂಟೆಗಳ ಕಾಲ ಅದನ್ನು ನಡೆಸುವ ಮನುಷ್ಯನಿಗೆ ಬೆನ್ನುಂಟು. ಸೀಟು ಆ ಬೆನ್ನಿಗೆ ಹೊಂದುವುದೇ ಇಲ್ಲವೇ ಎಂದು ವಿಚಾರಿಸುವ ಯಜಮಾನರು ಮಾತ್ರ ವಿರಳ.

ಇಂಜಿನ್ನಿನ ಆಯಿಲನ್ನು ಇಷ್ಟು ಗಂಟೆಗೊಮ್ಮೆ ಬದಲಾಯಿಸಬೇಕೆಂಬ ಲೆಕ್ಕವನ್ನು ಟ್ರ್ಯಾಕ್ಟರಿನ ಒಡೆಯರು ತಪ್ಪದೆ ಇಡುತ್ತಾರೆ. ಅದಕ್ಕಾಗಿಯೇ ಗಂಟೆಯ ಮೀಟರನ್ನು ಇಟ್ಟಿರುವುದು. ಅದೇ ಮೀಟರು ಡ್ರೈವರನ ಬೆನ್ನಿನ ಗಂಟೆಗಳನ್ನೂ ಎಣಿಸುತ್ತಿರುತ್ತದೆ. ಇಪ್ಪತ್ತನೆಯ ವಯಸ್ಸಿನಲ್ಲಿ ಹುರುಪಿನಿಂದ ಸ್ಟೀರಿಂಗ್ ಹಿಡಿದ ಹುಡುಗನು ನಲವತ್ತು ತುಂಬುವುದರೊಳಗೆ ಸೊಂಟಕ್ಕೆ ಟವೆಲ್ಲು ಬಿಗಿದುಕೊಂಡು ಒಂದು ಕೈಯಿಂದ ಮಡ್‌ಗಾರ್ಡನ್ನು ಹಿಡಿದು ಮೆಲ್ಲಮೆಲ್ಲನೆ ಇಳಿಯುವುದನ್ನು ನೋಡದ ಊರಿಲ್ಲ. ಇದು ಅವನ ಹಣೆಯಬರಹವೆಂದು ಜನರು ಹೇಳುವುದುಂಟು. ಆದರೆ ಇದರಲ್ಲಿ ಹೆಚ್ಚಿನ ಪಾಲು ತಡೆಯಬಹುದಾದದ್ದು. ತಡೆಯುವ ಉಪಾಯಗಳಲ್ಲಿ ಅನೇಕವು ಡ್ರೈವರನಿಗಿಂತ ಯಜಮಾನನ ಕೈಯಲ್ಲಿಯೇ ಇರುತ್ತವೆ. ಆದುದರಿಂದಲೇ ಭೂಮಾಲೀಕರೂ ಗ್ರಾಮದ ಮುಖಂಡರೂ ಈ ವಿಷಯವನ್ನು ತಿಳಿದಿರುವುದು ಅವಶ್ಯಕ.

ಮೊದಲು, ಟ್ರ್ಯಾಕ್ಟರು ಕಾರು ಬಸ್ಸುಗಳಿಗಿಂತ ಯಾವ ರೀತಿಯಲ್ಲಿ ಬೇರೆಯೆಂಬುದನ್ನು ನೋಡಬೇಕು. ಕಾರಿನ ಗಾಲಿಗೂ ಮೈಕಟ್ಟಿಗೂ ನಡುವೆ ಸ್ಪ್ರಿಂಗುಗಳಿರುತ್ತವೆ. ಸಾಮಾನ್ಯವಾದ ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಅಂತಹ ಸ್ಪ್ರಿಂಗು ಇಲ್ಲ. ನೇಗಿಲನ್ನು ಒಂದೇ ಆಳದಲ್ಲಿ ಎಳೆಯಬೇಕಾದುದರಿಂದ ಅಚ್ಚನ್ನು ಇಂಜಿನ್ನಿನ ಮೈಗೆ ಬಿಗಿಯಾಗಿ ಕೂಡಿಸಿರುತ್ತಾರೆ. ಹೀಗಾಗಿ ನೆಲದ ಏರುತಗ್ಗುಗಳನ್ನು ಮೆತ್ತಗೆ ಮಾಡಲು ಟೈರಿನೊಳಗಣ ಗಾಳಿ ಒಂದು, ಸೀಟಿನ ಕೆಳಗಣ ಸ್ಪ್ರಿಂಗು ಇನ್ನೊಂದು, ಇವೆರಡನ್ನು ಬಿಟ್ಟರೆ ಬೇರೆ ಏನೂ ಇಲ್ಲ. ಗಾಳಿ ತುಂಬಿದ ಟೈರು ಸಹ ಟ್ರ್ಯಾಕ್ಟರಿನೊಡನೆ ಹುಟ್ಟಿದ್ದಲ್ಲ. 1932ರಲ್ಲಿ ಅಮೆರಿಕದ ಅಲಿಸ್-ಚಾಲ್ಮರ್ಸ್ ಕಂಪನಿಯವರು ತಮ್ಮ ಟ್ರ್ಯಾಕ್ಟರಿಗೆ ಅದನ್ನು ತೊಡಿಸಿದ ಮೇಲೆ ಅದು ಬಳಕೆಗೆ ಬಂದಿತು. ಅದಕ್ಕೆ ಮುಂಚೆ ಹಲ್ಲುಗಳಿದ್ದ ಕಬ್ಬಿಣದ ಗಾಲಿಯೇ ಗತಿಯಾಗಿತ್ತು.

ಟೈರಿನ ಮೇಲೆ ಕುಣಿಯುವ ಟ್ರ್ಯಾಕ್ಟರು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ ಎರಡರಿಂದ ನಾಲ್ಕು ಸಾರಿ ಮೇಲೆ ಕೆಳಗೆ ಆಡುತ್ತದೆ. ನೆಲವನ್ನೂ ವೇಗವನ್ನೂ ಅನುಸರಿಸಿ ಅದಕ್ಕಿಂತ ಬಿರುಸಾದ ಅದುರುಗಳೂ ಕೂಡಿಕೊಳ್ಳುವುವು. ಕುಳಿತ ಮನುಷ್ಯನ ಶರೀರಕ್ಕೂ ತನ್ನದೇ ಆದ ಒಂದು ಆಟವುಂಟು. ತೂಗುಯ್ಯಾಲೆಯನ್ನು ಅದರ ಗತಿಗೆ ಸರಿಯಾಗಿ ಸ್ವಲ್ಪಸ್ವಲ್ಪವೇ ನೂಕಿದರೂ ಅದು ದೊಡ್ಡದಾಗಿ ತೂಗುವಂತೆ, ಸೆಕೆಂಡಿಗೆ ನಾಲ್ಕರಿಂದ ಎಂಟು ಸಾರಿ ಬರುವ ಮೇಲುಕೆಳಗಿನ ಕುಲುಕಿಗೆ ಮುಂಡದ ಭಾಗವು ಹೆಚ್ಚಾಗಿ ಓಗೊಡುತ್ತದೆ. ಅಂತರರಾಷ್ಟ್ರೀಯ ಮಾನಕವು ಶರೀರವು ಅತಿ ಸೂಕ್ಷ್ಮವಾಗಿರುವ ಗತಿಯೆಂದು ಇದನ್ನೇ ಗುರುತಿಸಿತ್ತು. ಟ್ರ್ಯಾಕ್ಟರಿನ ಕುಲುಕೂ ಬೆನ್ನು ಸಹಿಸಲಾರದ ಕುಲುಕೂ ಒಂದರ ಪಕ್ಕದಲ್ಲಿ ಒಂದು ಇರುವುದೇ ಈ ಕಷ್ಟಕ್ಕೆ ಮೂಲ.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಗಳಿರುತ್ತವೆ. ಒಳಗೆ ಲೋಳೆಯಂತಹ ತಿರುಳು, ಸುತ್ತ ಗಟ್ಟಿಯಾದ ನಾರಿನ ಸುತ್ತುಗಳು. ಬೆಳೆದ ಮನುಷ್ಯನಲ್ಲಿ ಈ ಮೆತ್ತೆಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಒದ್ದೆ ಬಟ್ಟೆ ನೀರನ್ನು ಹೀರುವಂತೆ ಅವು ಅಕ್ಕಪಕ್ಕದ ಎಲುಬಿನಿಂದ ಪೋಷಣೆಯನ್ನು ಹೀರಿಕೊಳ್ಳುವುವು. ರಾತ್ರಿ ಮಲಗಿದಾಗ ಉಬ್ಬುವುವು. ಹಗಲಿನ ಭಾರದಿಂದ ಕುಗ್ಗುವುವು. ಬೆಳಿಗ್ಗೆ ಎದ್ದಾಗಿನ ಎತ್ತರಕ್ಕಿಂತ ಸಂಜೆಯ ಎತ್ತರವು ಒಂದೆರಡು ಸೆಂಟಿಮೀಟರು ಕಡಮೆಯಾಗುವುದು ಇದರಿಂದಲೇ. ಮನುಷ್ಯನು ನಿಂತಾಗ ಸೊಂಟದ ಭಾಗವು ಒಳಮುಖವಾಗಿ ಬಾಗಿರುತ್ತದೆ. ಬೆನ್ನಿಗೆ ಆಧಾರವಿಲ್ಲದೆ ಮುಂದಕ್ಕೆ ಬಗ್ಗಿ ಕುಳಿತರೆ ಆ ಬಾಗು ಅಳಿಸಿಹೋಗಿ, ಮೆತ್ತೆಯ ಮುಂಭಾಗವು ಹಿಸುಕಲ್ಪಟ್ಟು, ತಿರುಳು ಹಿಂದಕ್ಕೆ, ಎಂದರೆ ನರಗಳಿರುವ ಕಡೆಗೆ ಒತ್ತಲ್ಪಡುವುದು.

ಸ್ವೀಡನ್ ದೇಶದ ವೈದ್ಯರಾದ ನಾಕೆಮ್‌ಸನ್ ಎಂಬುವರು 1960ರ ದಶಕದಲ್ಲಿ ಜೀವಂತ ಮನುಷ್ಯರ ಮೆತ್ತೆಯೊಳಕ್ಕೆ ಸೂಜಿಯನ್ನು ಸೇರಿಸಿ ಅಲ್ಲಿಯ ಒತ್ತಡವನ್ನು ಅಳೆದರು. ನಿಂತಿರುವುದಕ್ಕಿಂತ ಕುಳಿತಿರುವಾಗ ಒತ್ತಡ ಹೆಚ್ಚು, ಮುಂದೆ ಬಗ್ಗಿ ಕುಳಿತಾಗ ಮತ್ತೂ ಹೆಚ್ಚು ಎಂದು ಅವರು ಕಂಡರು. 1999ರಲ್ಲಿ ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ವಿಲ್ಕೆ ಮತ್ತು ಅವರ ಸಂಗಡಿಗರು ಹೊಸ ಸಲಕರಣೆಯಿಂದ ಒಬ್ಬ ಮನುಷ್ಯನಲ್ಲಿ ಅಳೆದಾಗ, ಆರಾಮವಾಗಿ ಕುಳಿತಿರುವುದಕ್ಕೂ ನಿಂತಿರುವುದಕ್ಕೂ ಅಷ್ಟು ಭೇದ ಕಾಣಲಿಲ್ಲ. ಆದರೆ ಮುಂದಕ್ಕೆ ಬಗ್ಗಿ ಕುಳಿತರೆ ಒತ್ತಡ ಬಹಳ ಏರುವುದೆಂಬ ಅಂಶವು ಅಲ್ಲಿಯೂ ನಿಂತಿತು. ಆದುದರಿಂದ ಕುಳಿತುಕೊಳ್ಳುವುದೇ ತಪ್ಪೆಂದು ಹೇಳುವಂತಿಲ್ಲ. ಬೆನ್ನಿಗೆ ಆಸರೆಯಿಲ್ಲದೆ, ಬಗ್ಗಿ, ತಿರುಚಿ, ಕುಲುಕಿಸಿಕೊಳ್ಳುತ್ತ ಬಹುಹೊತ್ತು ಕುಳಿತಿರುವುದು ತಪ್ಪು.

ಇದು ಕೇವಲ ಊಹೆಯ ಮಾತಲ್ಲ. ಟ್ರ್ಯಾಕ್ಟರು ಡ್ರೈವರುಗಳ ಬೆನ್ನೆಲುಬಿನ ಮೇಲಾಗುವ ಪರಿಣಾಮವನ್ನು ಕುರಿತು ಜರ್ಮನಿಯ ರೋಸೆಗ್ಗರ್ ಮತ್ತು ರೋಸೆಗ್ಗರ್ ಎಂಬುವರ ಲೇಖನವು 1960ರಲ್ಲಿಯೇ ಪ್ರಕಟವಾಯಿತು. 1990ರಲ್ಲಿ ಹಾಲೆಂಡಿನವರೂ ಇದೇ ವಿಚಾರವನ್ನು ಶೋಧಿಸಿದರು. 1994ರಲ್ಲಿ ಇಟಲಿಯ ಬೊವೆಂಝಿ ಮತ್ತು ಬೆಟ್ಟಾ ಎಂಬುವರು 1,155 ಮಂದಿ ಟ್ರ್ಯಾಕ್ಟರು ಡ್ರೈವರುಗಳನ್ನು 220 ಮಂದಿ ಕಚೇರಿಯ ನೌಕರರೊಡನೆ ಹೋಲಿಸಿ ನೋಡಿದರು. ಡ್ರೈವರುಗಳಲ್ಲಿ ಸೊಂಟನೋವು ಹೆಚ್ಚಾಗಿತ್ತು. ಜೀವಮಾನದಲ್ಲಿ ಅನುಭವಿಸಿದ ಒಟ್ಟು ಕುಲುಕು ಏರಿದಂತೆಲ್ಲಾ ನೋವೂ ಏರಿತ್ತು. ತಪ್ಪಾದ ಭಂಗಿಯೂ ಕುಲುಕೂ ಬೇರೆ ಬೇರೆಯಾಗಿ ತಮ್ಮ ತಮ್ಮ ಕೇಡನ್ನು ಮಾಡುತ್ತಿದ್ದುವು. ವಯಸ್ಸು, ಮೂಟೆ ಹೊರುವ ಕೆಲಸ ಮುಂತಾದುವು ಸಹ ಬೆನ್ನನ್ನು ಕೆಡಿಸುವುದರಿಂದ ಎಲ್ಲಾ ನೋವನ್ನೂ ಟ್ರ್ಯಾಕ್ಟರಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೆ ಇಲ್ಲಿಯ ಡ್ರೈವರನು ಉತ್ತ ಮೇಲೆ ಮೂಟೆಯನ್ನೂ ಹೊರುತ್ತಾನೆಂಬುದನ್ನು ಮರೆಯುವಂತಿಲ್ಲ.

ಯುರೋಪಿನ ಒಕ್ಕೂಟದವರು 2002ರಲ್ಲಿ ಕೆಲಸಗಾರರ ಮೈಕುಲುಕಿಗೆ ಮಿತಿಯನ್ನು ಗೊತ್ತುಮಾಡಿದರು. ಕುಲುಕಿನ ತೀವ್ರತೆಯನ್ನು ಸೆಕೆಂಡಿನ ವರ್ಗಕ್ಕೆ ಇಷ್ಟು ಮೀಟರು ಎಂದು ಅಳೆಯುವರು. ಎಂಟು ಗಂಟೆಗಳ ಸರಾಸರಿಯು 0.5ನ್ನು ಮುಟ್ಟಿದರೆ ಯಜಮಾನನು ಅದನ್ನು ತಗ್ಗಿಸುವ ಕ್ರಮ ಕೈಕೊಳ್ಳಬೇಕು, 1.15ನ್ನು ಮೀರಲೇಕೂಡದು. ಇಲ್ಲಿ ಗಮನಿಸತಕ್ಕ ಅಂಶವು ಲೆಕ್ಕದ ರೀತಿ. ಕುಲುಕು ಇಮ್ಮಡಿಯಾದರೆ ಸಮಯವು ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. 0.5ರ ಕುಲುಕಿನಲ್ಲಿ ಎಂಟು ಗಂಟೆ ಕೆಲಸ ಮಾಡಿದಾಗ ಮುಟ್ಟುವ ಮಟ್ಟವನ್ನು 0.7ರ ಕುಲುಕಿನಲ್ಲಿ ನಾಲ್ಕು ಗಂಟೆಗೂ, 1.0ರ ಕುಲುಕಿನಲ್ಲಿ ಎರಡೇ ಗಂಟೆಗೂ ಮುಟ್ಟಿಬಿಡುವುದು. ಟ್ರ್ಯಾಕ್ಟರಿನ ಸೀಟಿನ ಮೇಲೆ ಮಾಡಿರುವ ಅನೇಕ ಅಳತೆಗಳು 0.5ನ್ನು ಮೀರಿರುತ್ತವೆ. ಹೀಗಿರಲಾಗಿ ವೇಗವನ್ನು ಸ್ವಲ್ಪ ತಗ್ಗಿಸಿದರೂ ಬೆನ್ನಿಗೆ ದೊರೆಯುವ ಲಾಭವು ತೋರಿಕೆಗಿಂತ ಬಹಳ ದೊಡ್ಡದು.

ಇನ್ನು ಸೀಟಿನ ವಿಚಾರ. ಭೋಪಾಲದಲ್ಲಿರುವ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ದೇಶದ ಕೃಷಿ ಕೆಲಸಗಾರರ ಅಂಗಾಂಗಗಳ ಅಳತೆಗಳನ್ನು ಸಂಗ್ರಹಿಸಿ 2009ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದರ ಪ್ರಕಾರ ಗಂಡಸರ ಸರಾಸರಿ ಎತ್ತರ ಸುಮಾರು 163 ಸೆಂಟಿಮೀಟರು, ತೂಕ ಸುಮಾರು 55 ಕಿಲೋಗ್ರಾಂ. ಸೀಟಿನ ಕೆಳಗೆ ಅಥವಾ ಬೆನ್ನಿನ ಹಿಂದೆ ಇರುವ ತಿರುಪು ಕುಳಿತವನ ತೂಕಕ್ಕೆ ಸ್ಪ್ರಿಂಗನ್ನು ಹೊಂದಿಸುವುದಕ್ಕಾಗಿಯೇ ಇರುವುದು. ಟ್ರ್ಯಾಕ್ಟರು ಮನೆಗೆ ಬಂದ ದಿವಸ ತೊಂಬತ್ತು ಕಿಲೋ ತೂಗುವ ಯಜಮಾನನು ಅದರ ಮೇಲೆ ಕುಳಿತು ತನಗೆ ಒಪ್ಪುವಂತೆ ತಿರುಪನ್ನು ಬಿಗಿಸಿರುತ್ತಾನೆ. ಮರುದಿನದಿಂದ ಐವತ್ತು ಕಿಲೋ ತೂಗುವ ಹುಡುಗನು ಅದನ್ನು ನಡೆಸುವನು. ಅವನ ತೂಕಕ್ಕೆ ಆ ಸ್ಪ್ರಿಂಗು ಕುಗ್ಗುವುದೇ ಇಲ್ಲವಾದುದರಿಂದ ಅವನು ಹಲಗೆಯ ಮೇಲೆ ಕುಳಿತಂತೆಯೇ ಸರಿ. ಭಾರವಾದ ಮನುಷ್ಯನು ಸಡಿಲವಾದ ಸ್ಪ್ರಿಂಗಿನ ಮೇಲೆ ಕುಳಿತರೆ ತದ್ವಿರುದ್ಧವಾಗಿ, ಪ್ರತಿ ಗುಂಡಿಯಲ್ಲಿಯೂ ಸೀಟು ತಳಕ್ಕೆ ತಾಗಿ ಬೆನ್ನಿಗೆ ಪೆಟ್ಟು ಬೀಳುವುದು. ಒಂದು ತಿರುಪನ್ನು ತಿರುಗಿಸಲು ಕಾಸು ಖರ್ಚಿಲ್ಲ. ಆದರೂ ಅನೇಕ ಟ್ರ್ಯಾಕ್ಟರುಗಳಲ್ಲಿ ಅದು ತುಕ್ಕು ಹಿಡಿದು ಕದಲದಂತಾಗಿರುತ್ತದೆ.

ಸೀಟನ್ನು ಹಿಂದು ಮುಂದು ಸರಿಸುವ ಅನುಕೂಲವಿದ್ದರೆ ಅದನ್ನೂ ಬಳಸತಕ್ಕದ್ದು. ಪರೀಕ್ಷೆ ಬಹಳ ಸುಲಭ. ಡ್ರೈವರನು ಸೀಟಿನ ಹಿಂಭಾಗಕ್ಕೆ ಒರಗಿ ಕುಳಿತು ಕ್ಲಚ್ಚನ್ನು ಪೂರ್ತಿಯಾಗಿ ತುಳಿಯಲಿ. ಆಗ ಅವನ ಸೊಂಟವು ಒರಗನ್ನು ಬಿಟ್ಟು ಮುಂದಕ್ಕೆ ಜಾರಿದರೆ ಸೀಟು ದೂರವಾಗಿದೆಯೆಂದೂ, ಮೊಣಕಾಲು ಸ್ಟೀರಿಂಗಿಗೆ ತಗಲುವಂತಿದ್ದರೆ ಹತ್ತಿರವಾಗಿದೆಯೆಂದೂ ತಿಳಿಯಬೇಕು. ತುಳಿದಾಗಲೂ ಮೊಣಕಾಲಿನಲ್ಲಿ ಸ್ವಲ್ಪ ಮಡಿಕೆ ಉಳಿದಿರಬೇಕು. ಸೀಟಿನ ಮುಂದಿನ ಅಂಚು ಮೊಣಕಾಲಿನ ಹಿಂಬದಿಯನ್ನು ಒತ್ತಬಾರದು. ನಡುವೆ ಮೂರು ನಾಲ್ಕು ಬೆರಳು ಹಿಡಿಸುವಷ್ಟು ಜಾಗವಿದ್ದರೆ ಸಾಕು. ಒರಗು ಮುರಿದುಹೋದ ಟ್ರ್ಯಾಕ್ಟರುಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಒರಗಿಲ್ಲದ ಸೀಟಿನಲ್ಲಿ ಬೆನ್ನಿನ ಮಾಂಸಖಂಡಗಳು ಮೈಯನ್ನು ನೆಟ್ಟಗೆ ಹಿಡಿಯುವ ಕೆಲಸದಲ್ಲಿಯೇ ದಣಿದುಹೋಗುವುವು. ಅವು ದಣಿದಮೇಲೆ ಕುಲುಕೆಲ್ಲವೂ ಮಣಿಗಳಿಗೇ ಹೋಗಿ ಮುಟ್ಟುವುದು.

ಸೀಟು ಗಟ್ಟಿಯಾಯಿತೆಂದು ಗೋಣಿಚೀಲವನ್ನು ಮಡಿಸಿ ಹಾಕುವುದೂ ದಪ್ಪವಾದ ಸ್ಪಂಜಿನ ದಿಂಬನ್ನು ಇಡುವುದೂ ವಾಡಿಕೆ. ಗೋಣಿಯಿಂದ ಚರ್ಮಕ್ಕೆ ಹಿತವಾದರೂ ಕುಲುಕು ಕಡಮೆಯಾಗುವುದಿಲ್ಲ. ದಪ್ಪ ಸ್ಪಂಜಾದರೋ ಸೆಕೆಂಡಿಗೆ ನಾಲ್ಕು ಸಾರಿಯ ಸುತ್ತಮುತ್ತಲಿನ ಕುಲುಕನ್ನು ತಗ್ಗಿಸುವ ಬದಲು ಹೆಚ್ಚಿಸುವುದೇ ಉಂಟು. ಅದರ ಜೊತೆಗೆ ಕುಳಿತವನು ಎತ್ತರಕ್ಕೆ ಏರಿದುದರಿಂದ ಪೆಡಲುಗಳು ಕಾಲಿಗೆ ದೂರವಾಗುವುವು. ಸೀಟಿನ ಕೆಳಗಣ ಷಾಕ್ ಅಬ್ಸಾರ್ಬರು ಆಯಿಲು ಸೋರಿ ನಿಷ್ಪ್ರಯೋಜಕವಾಗಿದ್ದರೆ ದಿಂಬನ್ನು ಹುಡುಕುವುದಕ್ಕಿಂತ ಅದನ್ನು ಬದಲಾಯಿಸುವುದು ಮೇಲು.

ನಡೆಸುವ ರೂಢಿಗಳಲ್ಲಿ ಅತ್ಯಂತ ಹಾನಿಕರವಾದದ್ದು ಹಿಂದಕ್ಕೆ ತಿರುಗಿ ಕುಳಿತಿರುವುದು. ನೇಗಿಲಾಗಲಿ ಕಲ್ಟಿವೇಟರಾಗಲಿ ರೋಟವೇಟರಾಗಲಿ ಹಿಂದೆ ಇರುವುದರಿಂದ ನೋಡದೆ ನಿರ್ವಾಹವಿಲ್ಲ. ಆದರೆ ಡ್ರೈವರುಗಳು ಒಂದು ಕೈಯನ್ನು ಮಡ್‌ಗಾರ್ಡಿನ ಮೇಲೆ ಊರಿ, ಸೊಂಟವನ್ನು ತಿರುಚಿಕೊಂಡು, ಸಾಲಿನ ಉದ್ದಕ್ಕೂ ಹಾಗೆಯೇ ಹೋಗುವರು. ಅದೂ ದಿನವೆಲ್ಲಾ ಒಂದೇ ಪಕ್ಕಕ್ಕೆ. ತಿರುಚಿದ ಬೆನ್ನಿಗೆ ಬೀಳುವ ಕುಲುಕು ನೆಟ್ಟಗಿರುವ ಬೆನ್ನಿಗೆ ಬೀಳುವುದಕ್ಕಿಂತ ಹೆಚ್ಚು ಕೇಡು ಮಾಡುತ್ತದೆ. ಆಗಾಗ್ಗೆ ನೋಡಿ ಮುಂದಕ್ಕೆ ತಿರುಗಿಕೊಳ್ಳುವುದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುವುದು, ಎರಡು ದೊಡ್ಡ ಕನ್ನಡಿಗಳನ್ನು ಹಾಕಿಸುವುದು, ಇವು ಎಲ್ಲರಿಗೂ ಸಾಧ್ಯವಾದ ಉಪಾಯಗಳು.

ಮಣ್ಣು ಮಗುಚುವ ಸಾಧಾರಣ ನೇಗಿಲಿನಿಂದ ಉಳುವಾಗ ಇನ್ನೊಂದು ತೊಂದರೆಯುಂಟು. ಟ್ರ್ಯಾಕ್ಟರಿನ ಬಲಗಾಲಿಗಳು ಹಿಂದಣ ಸಾಲಿನೊಳಗೆ ಇಳಿದು ನಡೆಯುವುವು. ಸಾಲಿನ ಆಳವು 15ರಿಂದ 20 ಸೆಂಟಿಮೀಟರು, ಗಾಲಿಗಳ ನಡುವಣ ಅಂತರವು 1.3 ಮೀಟರು ಎಂದಿಟ್ಟುಕೊಂಡರೆ ಸೀಟು ಬಲಕ್ಕೆ ಆರೂವರೆಯಿಂದ ಒಂಬತ್ತು ಡಿಗ್ರಿಯವರೆಗೆ ವಾಲಿರುತ್ತದೆ. ಅಂತಹ ಸೀಟಿನಲ್ಲಿ ನೆಟ್ಟಗೆ ಕುಳಿತಿರಲು ಡ್ರೈವರನು ದಿನವೆಲ್ಲಾ ಬೆನ್ನನ್ನು ಎಡಕ್ಕೆ ಬಗ್ಗಿಸಿಯೇ ಇರಬೇಕು. ಎರಡು ಕಡೆಗೂ ಮಗುಚುವ ರಿವರ್ಸಿಬಲ್ ನೇಗಿಲಿನಲ್ಲಿ ಒಂದು ಸಾಲಿಗೆ ಬಲಗಾಲಿಗಳೂ ಮುಂದಿನ ಸಾಲಿಗೆ ಎಡಗಾಲಿಗಳೂ ಇಳಿಯುವುದರಿಂದ ವಾಲಿಕೆಯು ಸಮನಾಗಿ ಹಂಚಿಹೋಗುತ್ತದೆ. ಈ ನೇಗಿಲನ್ನು ಕೊಳ್ಳುವವರು ಹೊಲದ ಮಟ್ಟವನ್ನು ನೋಡಿ ಕೊಳ್ಳುವರೇ ಹೊರತು ಡ್ರೈವರನ ಬೆನ್ನನ್ನು ನೋಡಿ ಅಲ್ಲ. ಆದರೂ ಅವನಿಗೆ ಉಪಕಾರವಾಗಿರುತ್ತದೆ.

ಬದುಗಳನ್ನು ವೇಗದಿಂದ ಹಾರಿಸಿಕೊಂಡು ಹೋಗುವುದು, ಕೆಲಸ ಮುಗಿದ ಕೂಡಲೇ ಸೀಟಿನಿಂದ ನೆಲಕ್ಕೆ ಧುಮುಕುವುದು, ಇವೆರಡೂ ಯುವಕರಿಗೆ ಶೌರ್ಯದಂತೆ ತೋರುವುವು. ಗಂಟೆಗಟ್ಟಲೆ ಕುಲುಕಿ ಸಡಿಲಗೊಂಡ ಬೆನ್ನಿಗೆ ಒಂದೇ ದೊಡ್ಡ ಪೆಟ್ಟು ಬೀಳುವುದು ಅಪಾಯಕರ. ಟ್ರ್ಯಾಕ್ಟರಿಗೆ ಮುಖಮಾಡಿ, ಹಿಡಿಯನ್ನು ಹಿಡಿದು, ಮೆಟ್ಟಿಲಿನ ಮೇಲೆ ಕಾಲಿಟ್ಟು ಇಳಿಯಬೇಕು. ಇಳಿದೊಡನೆಯೇ ಗೊಬ್ಬರದ ಮೂಟೆಗೆ ಹೆಗಲು ಕೊಡದೆ ಸ್ವಲ್ಪ ಹೊತ್ತು ನಡೆದಾಡುವುದು ಒಳ್ಳೆಯದು.

ಹೊಲದಲ್ಲಿ ಉಳುವುದಕ್ಕಿಂತ ದಾರಿಯಲ್ಲಿ ಟ್ರೈಲರು ಎಳೆಯುವಾಗ ಬೆನ್ನಿಗೆ ಹೆಚ್ಚು ಪೆಟ್ಟು ಬೀಳುವುದುಂಟು. ಉಳುಮೆಯಲ್ಲಿ ವೇಗವು ಗಂಟೆಗೆ ನಾಲ್ಕೈದು ಕಿಲೋಮೀಟರು. ದಾರಿಯಲ್ಲಿ ಅದು ಇಪ್ಪತ್ತಕ್ಕೂ ಏರುವುದು. ಮಂಡ್ಯ, ಬೆಳಗಾವಿ ಕಡೆಗಳಲ್ಲಿ ಕಬ್ಬು ಅರೆಯುವ ಕಾಲ ಬಂದರೆ ಡ್ರೈವರುಗಳು ಹಗಲಿರುಳೆನ್ನದೆ ಕಾರ್ಖಾನೆಗೆ ಕಬ್ಬನ್ನು ಸಾಗಿಸಿ, ಬರಿಯ ಟ್ರೈಲರಿನೊಡನೆ ಹಳ್ಳಕೊಳ್ಳಗಳ ಮೇಲೆ ನೆಗೆಸಿಕೊಂಡು ಹಿಂದಿರುಗುವರು. ಗದ್ದೆಯನ್ನು ಕೆಸರು ಮಾಡಲು ತೊಡಿಸಿದ ಕೇಜ್ ವೀಲುಗಳನ್ನು ಬಿಚ್ಚದೆ ಊರಿನವರೆಗೂ ದಾರಿಯ ಮೇಲೆ ಓಡಿಸುವವನು 1932ಕ್ಕಿಂತ ಹಿಂದಿನ ಕಬ್ಬಿಣದ ಗಾಲಿಯ ಸುಖವನ್ನು ತಾನಾಗಿಯೇ ತಂದುಕೊಳ್ಳುವನು. ಊರಿನ ದಾರಿಯೂ ಕೆಡುವುದು. ದಾರಿಗಾಗಿ ಬಿಗಿಯಾಗಿ ತುಂಬಿಸಿದ ಗಾಳಿಯನ್ನು ಹೊಲದ ಕೆಲಸಕ್ಕೆ ಕಂಪನಿಯವರ ಪುಸ್ತಕದಲ್ಲಿ ಹೇಳಿರುವ ಮಟ್ಟಕ್ಕೆ ಇಳಿಸಿದರೆ ಕುಲುಕು ತಗ್ಗುವುದಲ್ಲದೆ ಟೈರಿನ ಹಿಡಿತವೂ ಹೆಚ್ಚುವುದು. ಊರಿನಿಂದ ಹೊಲಗಳಿಗೆ ಹೋಗುವ ದಾರಿಯ ಗುಂಡಿಗಳನ್ನು ಮುಂಗಾರಿಗೆ ಮುಂಚೆ ಮುಚ್ಚಿಸುವುದು ಪಂಚಾಯಿತಿಯ ಮುಖಂಡರಿಂದಲೇ ಆಗಬೇಕಾದ ಕೆಲಸ.

ಇಷ್ಟೆಲ್ಲಾ ಹೇಳಿದರೂ ಡ್ರೈವರನು ನಿಧಾನವಾಗಿ ನಡೆಸಲು ಸಾಧ್ಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಎಕರೆಗೆ ಇಷ್ಟು ಎಂದು ಕೂಲಿಯನ್ನು ಗೊತ್ತುಮಾಡಿದ ಕಡೆ ಅವನು ವೇಗವಾಗಿ ಓಡಿಸದೆ ಇರುವುದಿಲ್ಲ. ನಡುವೆ ಇಳಿದು ಹತ್ತು ನಿಮಿಷ ನಿಂತರೆ ಅದು ಅವನ ಸ್ವಂತ ನಷ್ಟ. ಹದ ಆರಿಹೋಗುವುದೆಂಬ ಅವಸರವು ರೈತನಿಗೂ ಇರುವುದು ಸಹಜ. ಆದರೆ ತಿಂಗಳ ಸಂಬಳವನ್ನಾಗಲಿ ಗಂಟೆಯ ಲೆಕ್ಕವನ್ನಾಗಲಿ ಇಟ್ಟುಕೊಂಡು, ಗಂಟೆಗೊಮ್ಮೆ ಐದು ಹತ್ತು ನಿಮಿಷ ಇಳಿದು ನಡೆದಾಡುವ ಬಿಡುವನ್ನು ಕೆಲಸದ ಹೊತ್ತಿನೊಳಗೇ ಎಣಿಸಿದರೆ ಆ ಅವಸರದ ಬೆಲೆಯನ್ನು ಒಬ್ಬನ ಬೆನ್ನೇ ತೆರಬೇಕಾಗಿ ಬರುವುದಿಲ್ಲ. ಸುಗ್ಗಿಯ ಕಾಲದಲ್ಲಿ ಇಬ್ಬರನ್ನು ಸರದಿಯ ಮೇಲೆ ಇಟ್ಟರೆ ಯಂತ್ರವು ನಿಲ್ಲುವುದೇ ಇಲ್ಲ. ಒಳ್ಳೆಯ ಡ್ರೈವರನು ಸಿಕ್ಕುವುದು ಕಷ್ಟವೆಂದು ಎಲ್ಲೆಲ್ಲೂ ಕೇಳಿಬರುತ್ತಿರುವಾಗ, ಇರುವವನನ್ನು ಹಾಳುಮಾಡಿಕೊಳ್ಳುವುದು ಲೆಕ್ಕಾಚಾರದ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಪವರ್ ಟಿಲ್ಲರಿನಲ್ಲಿ ಸೀಟಿನ ಪ್ರಶ್ನೆ ಕಡಮೆ, ಕೈಗಳ ಪ್ರಶ್ನೆ ಹೆಚ್ಚು. ಅರವತ್ತು ಸೆಂಟಿಮೀಟರು ಅಗಲಕ್ಕೆ ಕೆಲಸಮಾಡುವ ಟಿಲ್ಲರಿನ ಹಿಂದೆ ಒಂದು ಎಕರೆಗೆ ಆರೂಮುಕ್ಕಾಲು ಕಿಲೋಮೀಟರು ನಡೆಯಬೇಕಾಗುವುದು. ಅಷ್ಟು ಹೊತ್ತೂ ಹಿಡಿಗಳ ಅದುರು ಬೆರಳುಗಳಿಗೆ ಏರುತ್ತಿರುತ್ತದೆ. ರಾತ್ರಿ ಬೆರಳು ಜುಮ್ಮೆನ್ನುವುದೂ ಮರಗಟ್ಟುವುದೂ ಇದರ ಮೊದಲ ಗುರುತುಗಳು. ಹಿಡಿಯ ರಬ್ಬರು ಸವೆದಿದ್ದರೆ ಬದಲಾಯಿಸಿ, ಇಂಜಿನ್ನನ್ನು ಕೂಡಿಸಿರುವ ಬೋಲ್ಟುಗಳನ್ನು ಬಿಗಿಸಿ, ಹಿಡಿಯನ್ನು ಬೇಕಾದಷ್ಟಕ್ಕಿಂತ ಹೆಚ್ಚು ಬಿಗಿಯಾಗಿ ಹಿಡಿಯದಂತೆ ತಿಳಿಸತಕ್ಕದ್ದು. ಕಿವಿಯ ವಿಚಾರವೂ ಇಲ್ಲಿಯೇ ಸೇರುತ್ತದೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಡ್ರೈವರನ ಕಿವಿಗೆ ಬೀಳುವ ಶಬ್ದವು 90 ಡೆಸಿಬೆಲ್ಲನ್ನು ಮೀರುವುದುಂಟು. ಆ ಶಬ್ದವನ್ನೂ ಮೀರಿಸಲೆಂದು ಹಾಡಿನ ಪೆಟ್ಟಿಗೆಯನ್ನು ಜೋಡಿಸಿಕೊಳ್ಳುವುದು ಹುಣ್ಣಿನ ಮೇಲೆ ಬರೆ ಎಳೆದಂತೆ.

ಸೊಂಟನೋವು ಬಂದಾಗ ವಾರಗಟ್ಟಲೆ ಮಲಗಿರಬೇಕೆಂಬುದು ಹಳೆಯ ಅಭಿಪ್ರಾಯ. ಸಾಧಾರಣವಾದ ನೋವಿನಲ್ಲಿ ಆದಷ್ಟು ಓಡಾಡಿಕೊಂಡಿರುವುದೇ ಮೇಲೆಂದು ಈಗಿನ ವೈದ್ಯರು ಹೇಳುವರು. ಆದರೆ ಆ ದಿನಗಳಲ್ಲಿ ಟ್ರ್ಯಾಕ್ಟರು ಹತ್ತದೆ, ಭಾರವನ್ನು ಎತ್ತದೆ ಇರಬೇಕು. ನೋವು ಮೊಣಕಾಲಿನಿಂದ ಕೆಳಕ್ಕೆ ಇಳಿದರೆ, ಪಾದದ ಬಲ ಕುಗ್ಗಿ ಹೆಬ್ಬೆರಳನ್ನು ಮೇಲಕ್ಕೆ ಎತ್ತಲಾಗದಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶ ತಿಳಿಯದಂತಾದರೆ, ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ ಅದೇ ದಿವಸವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಅಂತಹವನನ್ನು ಮಲಗಿಸಿ ಬೆನ್ನನ್ನು ತುಳಿಯಿಸುವುದೂ ಉಳುಕು ತೆಗೆಯುವವರಿಂದ ಎಳೆಯಿಸುವುದೂ ಖಂಡಿತ ಕೂಡದು. ಇಂತಹ ಗುರುತುಗಳನ್ನು ಡ್ರೈವರನು ನಾಚಿಕೆಯಿಂದ ಹೇಳದೆ ಇರುವ ಸಂಭವವಿರುವುದರಿಂದ ಮನೆಯ ಹಿರಿಯರು ತಾವಾಗಿಯೇ ಕೇಳುವುದು ಯುಕ್ತ.

ಭರಣಿ ಮಳೆ ಬೀಳುವುದಕ್ಕೆ ಮುಂಚೆ ನೇಗಿಲಿನ ಕುಳವನ್ನೂ ಟೈರನ್ನೂ ಪರೀಕ್ಷಿಸುವ ದಿವಸವೇ ಸೀಟನ್ನೂ ಪರೀಕ್ಷಿಸಬಹುದು. ತಿರುಪಿಗೂ ಜಾರುಪಟ್ಟಿಗೂ ಗ್ರೀಸು ಹಾಕಿ, ಮುರಿದ ಒರಗನ್ನು ಬೆಸೆಯಿಸಿ, ಸೋರುವ ಷಾಕ್ ಅಬ್ಸಾರ್ಬರನ್ನು ಬದಲಾಯಿಸಿ, ಕೊನೆಯಲ್ಲಿ ಯಾರು ನಡೆಸುವರೋ ಅವನನ್ನೇ ಕೂರಿಸಿ ಅವನ ತೂಕಕ್ಕೆ ತಿರುಪನ್ನು ಹೊಂದಿಸತಕ್ಕದ್ದು. ಡ್ರೈವರು ಬದಲಾದರೆ ಮತ್ತೆ ಹೊಂದಿಸಬೇಕು.